ಕನಸಿನ ಅರ್ಥ ಮತ್ತು ಕನಸಿನೊಳಗಿನ ಅರಿವು: ಭೀಮಾ ತೀರದ ಪರಂಪರೆ, ಇಂದಿನ ವಿಜ್ಞಾನ

ನಿದ್ರೆಯಲ್ಲಿರುವ ಮನಸ್ಸು ಕಾಣುವ ದೃಶ್ಯ, ಕೇಳುವ ಧ್ವನಿ ಹಾಗೂ ಅನುಭವಿಸುವ ಸುಖದುಃಖಗಳ ಒಟ್ಟು ಹೆಸರೇ ಕನಸು. ಸಂಸ್ಕೃತದಲ್ಲಿ ಇದನ್ನು ಸ್ವಪ್ನ ಎಂದು ಕರೆಯಲಾಗುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕನಸು 'ಬೀಳುತ್ತದೆ'. ಅದು ಕಾಣುವವನ ಇಚ್ಛೆಗೆ ಒಳಪಟ್ಟದ್ದಲ್ಲ, ಎಲ್ಲಿಂದಲೋ ಬಂದು ಬೀಳುವಂಥದ್ದು ಎಂಬ ಭಾವ ಈ ಮಾತಿನಲ್ಲೇ ಅಡಗಿದೆ. ಕನಸಿನ ಕುರಿತು ಮನುಷ್ಯ ಬಹುಕಾಲದಿಂದ ಎರಡು ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದಾನೆ. ಬಿದ್ದ ಕನಸಿಗೆ ಅರ್ಥವೇನು ಎಂಬುದು ಮೊದಲನೆಯದು. ಕನಸು ನಡೆಯುತ್ತಿರುವಾಗಲೇ 'ಇದು ಕನಸು' ಎಂದು ಅರಿಯಲು ಸಾಧ್ಯವೇ ಎಂಬುದು ಎರಡನೆಯದು.

ಈ ಪ್ರಶ್ನೆಗಳು ಕೇವಲ ಕುತೂಹಲದವಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದ ಬಳಿ ಭೀಮಾ ನದಿಗೆ ಅಡ್ಡಲಾಗಿ ಬ್ಯಾರೇಜ್ ಇದೆ. ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ ಹೆಚ್ಚಿನ ನೀರು ಹರಿದುಬಂದಾಗ ಇದರ ಆಸುಪಾಸಿನ ಹಾಗೂ ಕೆಳಗಿನ ಹಳ್ಳಿಗಳು ಆತಂಕಕ್ಕೆ ಒಳಗಾಗುತ್ತವೆ. 2020ರ ಅಕ್ಟೋಬರ್‌ನಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದು ತೀರದ ಗ್ರಾಮಗಳಿಗೂ ಹೊಲಗಳಿಗೂ ನೀರು ನುಗ್ಗಿತ್ತು. ಇಂಥ ವಿಪತ್ತನ್ನು ಕಂಡವರಿಗೆ ಮುಳುಗುವ, ಕೊಚ್ಚಿಹೋಗುವ ಕನಸುಗಳು ಬೀಳುವುದು ಲೋಕದ ಎಲ್ಲೆಡೆ ಕಂಡುಬಂದಿರುವ ಸಂಗತಿ. ಅದನ್ನು ಬರಲಿರುವ ಕೇಡಿನ ಮುನ್ಸೂಚನೆ ಎಂದು ಭಾವಿಸಬೇಕೋ, ಕಳೆದುಹೋದ ಕೇಡಿನ ನೆನಪು ಎಂದು ತಿಳಿಯಬೇಕೋ ಎಂಬುದರ ಮೇಲೆ ಒಂದು ಕುಟುಂಬದ ನೆಮ್ಮದಿ, ಕೆಲವೊಮ್ಮೆ ಅದರ ಹಣವೂ ಅವಲಂಬಿಸಿರುತ್ತದೆ. ಈ ವಿಷಯದಲ್ಲಿ ಪ್ರಾಚೀನ ಗ್ರಂಥಗಳು ಹೇಳಿರುವುದು ಬೀದಿಯ ಕನಸಿನ ಪುಸ್ತಕಗಳು ಹೇಳುವುದಕ್ಕಿಂತ ಬಹಳ ವಿವೇಕಯುತವಾಗಿದೆ.

ನಿದ್ರೆ ಮತ್ತು ಕನಸು

ನಿದ್ರೆ ಒಂದೇ ಬಗೆಯ ಸ್ಥಿತಿಯಲ್ಲ. ಹಗುರ ನಿದ್ರೆ, ಗಾಢ ನಿದ್ರೆ ಮತ್ತು ಕಣ್ಣಾಲಿಗಳು ವೇಗವಾಗಿ ಚಲಿಸುವ ನಿದ್ರೆ ಒಂದರ ನಂತರ ಒಂದು ಬರುತ್ತವೆ. ಸುಮಾರು 90 ನಿಮಿಷಗಳ ಇಂಥ ಆವರ್ತನ ಒಂದು ರಾತ್ರಿಯಲ್ಲಿ ನಾಲ್ಕೈದು ಬಾರಿ ನಡೆಯುತ್ತದೆ. ಕಣ್ಣಾಲಿಗಳು ಚಲಿಸುವ ಹಂತವನ್ನು 'ರೆಮ್' ನಿದ್ರೆ ಎನ್ನುತ್ತಾರೆ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಇದನ್ನು ಪ್ರಕಟಿಸಿದರು. ವಯಸ್ಕರ ನಿದ್ರೆಯಲ್ಲಿ ಇದರ ಪಾಲು ಸುಮಾರು ಶೇ 20ರಿಂದ 25.

ಕನಸು ಎಲ್ಲ ಹಂತಗಳಲ್ಲೂ ಬೀಳಬಹುದು. ಆದರೆ ಕಥೆಯಂತೆ ದೀರ್ಘವಾದ, ಬಣ್ಣ ಭಾವಗಳಿಂದ ಕೂಡಿದ ಕನಸುಗಳು ಹೆಚ್ಚಾಗಿ ಬೀಳುವುದು ರೆಮ್ ನಿದ್ರೆಯಲ್ಲಿ. ಈ ಹಂತದಲ್ಲಿ ಮಿದುಳು ಎಚ್ಚರದಲ್ಲಿರುವಷ್ಟೇ ಚುರುಕಾಗಿರುತ್ತದೆ, ಕೈಕಾಲುಗಳ ಸ್ನಾಯುಗಳು ಮಾತ್ರ ಸಡಿಲಗೊಂಡು ನಿಶ್ಚಲವಾಗಿರುತ್ತವೆ. ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡದಿರಲು ಇದೇ ಕಾರಣ.

ರಾತ್ರಿ ಕಳೆದಂತೆ ರೆಮ್ ನಿದ್ರೆಯ ಅವಧಿ ಹೆಚ್ಚುತ್ತ ಹೋಗುತ್ತದೆ. ಹೀಗಾಗಿ ನಸುಕಿನ ಹೊತ್ತಿನಲ್ಲಿ ಕನಸುಗಳು ಹೆಚ್ಚು, ಆಗಲೇ ಎಚ್ಚರವಾಗುವುದರಿಂದ ಅವು ನೆನಪಿನಲ್ಲಿ ಉಳಿಯುವುದೂ ಹೆಚ್ಚು. 'ಬೆಳಗಿನ ಜಾವದ ಕನಸು ನಿಜವಾಗುತ್ತದೆ' ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಲು ಇದೂ ಒಂದು ಕಾರಣವಾಗಿರಬಹುದು. ನೆನಪಿರುವ ಕನಸಿಗಷ್ಟೇ ಫಲವನ್ನು ಹೊಂದಿಸಿ ನೋಡಲು ಬರುತ್ತದೆ. ಮರೆತ ಕನಸು ಸುಳ್ಳಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಲ ಹೇಳುವ ಶಾಸ್ತ್ರ

ಕನಸಿಗೆ ಫಲ ಹೇಳುವ ಪದ್ಧತಿ ಭಾರತದಲ್ಲಿ ಅತಿ ಪ್ರಾಚೀನ. ಅಥರ್ವವೇದದ ಪರಿಶಿಷ್ಟಗಳಲ್ಲಿ ಸ್ವಪ್ನಾಧ್ಯಾಯ ಎಂಬ ಭಾಗವಿದೆ. ಮತ್ಸ್ಯಪುರಾಣ, ಅಗ್ನಿಪುರಾಣಗಳಲ್ಲಿಯೂ ಶುಭಾಶುಭ ಸ್ವಪ್ನಗಳ ಪಟ್ಟಿಗಳಿವೆ. ಜಗದ್ದೇವನ 'ಸ್ವಪ್ನಚಿಂತಾಮಣಿ' ಇಡಿಯಾಗಿ ಇದಕ್ಕೇ ಮೀಸಲಾದ ಗ್ರಂಥ. ರಾತ್ರಿಯ ಮೊದಲ ಯಾಮದಲ್ಲಿ ಬಿದ್ದ ಕನಸು ಒಂದು ವರ್ಷದಲ್ಲಿ ಫಲಿಸುತ್ತದೆ, ಯಾಮ ಕಳೆದಂತೆ ಫಲದ ಅವಧಿ ಕಡಿಮೆಯಾಗುತ್ತದೆ, ಅರುಣೋದಯದ ಕನಸು ಕೆಲವೇ ದಿನಗಳಲ್ಲಿ ಫಲ ಕೊಡುತ್ತದೆ ಎಂಬ ಲೆಕ್ಕ ಈ ಪರಂಪರೆಯಿಂದ ಬಂದುದು. ಇಂದು ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಮಾರಾಟವಾಗುವ ಸ್ವಪ್ನಫಲದ ಕಿರುಪುಸ್ತಕಗಳು ಈ ಪಟ್ಟಿಗಳನ್ನೇ ಸಂಕ್ಷೇಪಿಸಿ ಕೊಡುತ್ತವೆ. ಹಾವು ಕಂಡರೆ ಇಂಥದ್ದು, ಹಲ್ಲು ಬಿದ್ದರೆ ಇಂಥದ್ದು, ನೀರು ಕಂಡರೆ ಇಂಥದ್ದು ಎಂಬ ಕ್ರಮ ಅವುಗಳದು.

ಆದರೆ ಈ ಪುಸ್ತಕಗಳು ಬಿಟ್ಟುಬಿಡುವ ಒಂದು ಮುಖ್ಯ ಅಂಶ ಆಯುರ್ವೇದದ ಮೂಲಗ್ರಂಥವಾದ ಚರಕಸಂಹಿತೆಯಲ್ಲಿದೆ. ಅದರ ಇಂದ್ರಿಯಸ್ಥಾನದ ಐದನೆಯ ಅಧ್ಯಾಯವು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ:

ದೃಷ್ಟ: ಎಚ್ಚರದಲ್ಲಿ ಕಂಡದ್ದು ಕನಸಾಗಿ ಬರುವುದು.
ಶ್ರುತ: ಕೇಳಿದ್ದು ಕನಸಾಗಿ ಬರುವುದು.
ಅನುಭೂತ: ಅನುಭವಿಸಿದ್ದು ಮತ್ತೆ ಕಾಣುವುದು.
ಪ್ರಾರ್ಥಿತ: ಮನಸ್ಸು ಬಯಸಿದ್ದು ಕನಸಾಗುವುದು.
ಕಲ್ಪಿತ: ಕಲ್ಪಿಸಿಕೊಂಡದ್ದು ಕನಸಾಗುವುದು.
ಭಾವಿಕ: ಮುಂದಾಗುವುದನ್ನು ಸೂಚಿಸುವಂಥದ್ದು.
ದೋಷಜ: ವಾತ, ಪಿತ್ತ, ಕಫಗಳ ಏರುಪೇರಿನಿಂದ ಹುಟ್ಟುವಂಥದ್ದು.

ಇವುಗಳಲ್ಲಿ ಮೊದಲ ಐದು ಬಗೆಯ ಕನಸುಗಳಿಗೆ ಫಲವಿಲ್ಲ ಎಂದು ಚರಕಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಹಗಲಿನ ಕನಸು, ಅತಿ ಚಿಕ್ಕ ಕನಸು ಮತ್ತು ಅತಿ ದೀರ್ಘ ಕನಸುಗಳನ್ನೂ ಅದು ನಿಷ್ಫಲ ಎಂದು ಬದಿಗಿಡುತ್ತದೆ. ಅಂದರೆ ಫಲವನ್ನು ನಂಬಿದ ಶಾಸ್ತ್ರವೂ ಬಿದ್ದ ಕನಸಿಗೆಲ್ಲ ಫಲವಿದೆ ಎಂದು ಒಪ್ಪಿರಲಿಲ್ಲ. ಈ ವಿಂಗಡಣೆಯನ್ನು ಅನ್ವಯಿಸಿದರೆ, ನೆರೆಯನ್ನು ಕಣ್ಣಾರೆ ಕಂಡವರಿಗೆ ಬೀಳುವ ನೀರಿನ ಕನಸು ದೃಷ್ಟ ಇಲ್ಲವೇ ಅನುಭೂತ ಎನಿಸುತ್ತದೆ. ಅದು ಮುನ್ಸೂಚನೆಯಲ್ಲ, ನೆನಪು.

ಕಲಬುರಗಿ ಸೀಮೆಯ ಸ್ವಪ್ನ ಪರಂಪರೆ

ಕನಸಿನ ವಿಚಾರದಲ್ಲಿ ಈ ಜಿಲ್ಲೆಗೆ ದೀರ್ಘವಾದ ಇತಿಹಾಸವಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಚಕ್ರವರ್ತಿ ಅಮೋಘವರ್ಷನ ಗುರುವಾಗಿದ್ದ ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಆದಿಪುರಾಣ'ವನ್ನು ರಚಿಸಿದರು. ಮೊದಲ ತೀರ್ಥಂಕರ ವೃಷಭನಾಥನ ತಾಯಿ ಮರುದೇವಿ ಕಂಡ 16 ಕನಸುಗಳು ಅದರಲ್ಲಿ ವರ್ಣಿತವಾಗಿವೆ. ಆನೆ, ವೃಷಭ, ಸಿಂಹ, ಲಕ್ಷ್ಮಿ, ಹೂಮಾಲೆಗಳಿಂದ ಆರಂಭವಾಗಿ ರತ್ನರಾಶಿ, ಹೊಗೆಯಿಲ್ಲದ ಅಗ್ನಿಯವರೆಗೆ ಈ ಸಾಲು ಸಾಗುತ್ತದೆ. 941ರಲ್ಲಿ ಪಂಪ ಕವಿ ಇದೇ ಕಥೆಯನ್ನು ಕನ್ನಡಕ್ಕೆ ತಂದ. ದಿಗಂಬರ ಸಂಪ್ರದಾಯದಲ್ಲಿ ಈ ಕನಸುಗಳ ಸಂಖ್ಯೆ 16, ಶ್ವೇತಾಂಬರ ಸಂಪ್ರದಾಯದಲ್ಲಿ 14.

ಇದೇ ಕೃತಿಯಲ್ಲಿ ಭರತ ಚಕ್ರವರ್ತಿ ಕಂಡ 16 ಅಶುಭ ಕನಸುಗಳ ಪ್ರಸಂಗವೂ ಬರುತ್ತದೆ. ಅಲ್ಲಿ ಜಿನಸೇನರು ಕನಸುಗಳನ್ನು ಸ್ವಸ್ಥ ಮತ್ತು ಅಸ್ವಸ್ಥ ಎಂದು ಎರಡಾಗಿ ವಿಂಗಡಿಸುತ್ತಾರೆ. ದೇಹದ ಧಾತುಗಳು ಸಮಸ್ಥಿತಿಯಲ್ಲಿರುವಾಗ ಕಂಡದ್ದು ಸ್ವಸ್ಥ ಸ್ವಪ್ನ, ಅದಕ್ಕೆ ಸತ್ಯದ ಸಾಧ್ಯತೆ ಉಂಟು. ಏರುಪೇರಾಗಿರುವಾಗ ಕಂಡದ್ದು ಅಸ್ವಸ್ಥ, ಅದು ಮಿಥ್ಯೆ. ಫಲ ಕೇಳುವ ಮುನ್ನ ಕಂಡವನ ಆರೋಗ್ಯವನ್ನು ಕೇಳಬೇಕು ಎಂಬ ಈ ಮಾತು ಹೇಳಿ ಸಾವಿರಕ್ಕೂ ಹೆಚ್ಚು ವರ್ಷಗಳಾಗಿವೆ. ಜೈನ ಪರಂಪರೆಯ ಇನ್ನೊಂದು ಪ್ರಸಿದ್ಧ ಸ್ವಪ್ನಕಥೆ ಶ್ರವಣಬೆಳಗೊಳಕ್ಕೆ ಸಂಬಂಧಿಸಿದ್ದು. ಚಂದ್ರಗುಪ್ತ ಮೌರ್ಯ ಕಂಡ 16 ಕನಸುಗಳಿಗೆ ಭದ್ರಬಾಹು ಮುನಿ ಅರ್ಥ ಹೇಳಿದರೆಂದೂ ಹನ್ನೆರಡು ವರ್ಷಗಳ ಕ್ಷಾಮದ ಹಿನ್ನೆಲೆಯಲ್ಲಿ ಅವರು ದಕ್ಷಿಣಕ್ಕೆ ಬಂದರೆಂದೂ ಅದು ಹೇಳುತ್ತದೆ. ಇವರಿಬ್ಬರ ವೃತ್ತಾಂತವನ್ನು ಚಂದ್ರಗಿರಿಯ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಕೆತ್ತಲಾಗಿದೆ.

ಕಲಬುರಗಿ ಜಿಲ್ಲೆಯ ಮರ್ತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ 'ಮಿತಾಕ್ಷರ' ಎಂಬ ವ್ಯಾಖ್ಯಾನವನ್ನು ಬರೆದ. ಹಿಂದೂ ಆಸ್ತಿ ಹಕ್ಕಿನ ವಿಚಾರದಲ್ಲಿ ನ್ಯಾಯಾಲಯಗಳು ಆಧಾರವಾಗಿ ಬಳಸಿದ ಗ್ರಂಥ ಇದು. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ವಿನಾಯಕನ ಪೀಡೆಗೆ ಒಳಗಾದವನ ಕನಸುಗಳ ವಿವರಣೆಯಿದೆ. ನೀರಿನಲ್ಲಿ ಆಳವಾಗಿ ಮುಳುಗುವುದು, ಬೋಳುತಲೆಯವರನ್ನು ಕಾಣುವುದು, ಮಾಂಸಾಹಾರಿ ಪ್ರಾಣಿಗಳ ಮೇಲೆ ಸವಾರಿ ಮಾಡುವುದು ಆ ಲಕ್ಷಣಗಳು. ಅದಕ್ಕೆ ಶಾಂತಿವಿಧಿಯನ್ನೂ ಅಲ್ಲಿ ಹೇಳಲಾಗಿದೆ. ನೀರಿನ ಕನಸು ಕಂಡರೆ ಶಾಂತಿ ಮಾಡಿಸಬೇಕು ಎಂಬ ಭಾವನೆಗೆ ಶಾಸ್ತ್ರದ ಆಧಾರ ಇಲ್ಲವೆನ್ನುವಂತಿಲ್ಲ. ಆದರೆ ಸ್ಮೃತಿಯು ಕನಸೊಂದನ್ನೇ ಹಿಡಿದು ತೀರ್ಮಾನಿಸುವುದಿಲ್ಲ. ಎಚ್ಚರದಲ್ಲಿಯೂ ಮನಸ್ಸು ಕೆಟ್ಟಿರುವುದು, ಕೈಹಾಕಿದ ಕೆಲಸ ವಿಫಲವಾಗುವುದು, ಕಾರಣವಿಲ್ಲದೆ ಕುಗ್ಗುವುದು ಮುಂತಾದವನ್ನೂ ಅದು ಜೊತೆಗೆ ಎಣಿಸುತ್ತದೆ. ಇಂದಿನ ವೈದ್ಯರು ಖಿನ್ನತೆಯ ಲಕ್ಷಣಗಳನ್ನು ಕೇಳುವಾಗ ಕೇಳುವ ಪ್ರಶ್ನೆಗಳಿಗೂ ಇದಕ್ಕೂ ಸಾಮ್ಯವಿದೆ.

ಅಫಜಲಪುರ ತಾಲ್ಲೂಕಿನಲ್ಲೇ ಇರುವ ದೇವಲ ಗಾಣಗಾಪುರ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿಯ ದತ್ತಕ್ಷೇತ್ರ. 15ನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಯವರ ಮಹಿಮೆಯನ್ನು ಹೇಳುವ ಸರಸ್ವತಿ ಗಂಗಾಧರರ 'ಗುರುಚರಿತ್ರೆ' ಮರಾಠಿ ಗ್ರಂಥವಾದರೂ ಗಡಿಯ ಎರಡೂ ಬದಿಯ ಮನೆಗಳಲ್ಲಿ ಪಾರಾಯಣಗೊಳ್ಳುತ್ತದೆ. ಈ ಗ್ರಂಥ ಆರಂಭವಾಗುವುದೇ ಒಂದು ಕನಸಿನಿಂದ. ಗುರುವನ್ನು ಅರಸಿ ಬಳಲಿದ ನಾಮಧಾರಕನಿಗೆ ನಿದ್ರೆಯಲ್ಲಿ ಗುರುದರ್ಶನವಾಗುತ್ತದೆ. ಮುಂದೆ ಚರ್ಮರೋಗದಿಂದ ನೊಂದ ನಂದಿ ಎಂಬ ಬ್ರಾಹ್ಮಣನಿಗೆ ತುಳಜಾಪುರದ ಭವಾನಿ ಕನಸಿನಲ್ಲಿ ಬಂದು ಚಂದಲಾ ಪರಮೇಶ್ವರಿಯ ಬಳಿಗೆ ಕಳುಹಿಸುತ್ತಾಳೆ. ಆ ದೇವಿಯೂ ಕನಸಿನಲ್ಲೇ ಅವನನ್ನು ಗಾಣಗಾಪುರಕ್ಕೆ ಕಳುಹಿಸುತ್ತಾಳೆ. ದೇವಿಯಿಂದ ಆಗದ್ದು ಮನುಷ್ಯನಿಂದ ಆದೀತೆ ಎಂಬ ಸಂಶಯ ಅವನಿಗೆ ಬರುತ್ತದೆ. ಭಕ್ತಿಗ್ರಂಥದೊಳಗೇ ಕನಸಿನ ಆದೇಶವನ್ನು ಪ್ರಶ್ನಿಸುವ ಪಾತ್ರವೊಂದಿದೆ ಎಂಬುದು ಗಮನಾರ್ಹ.

ಶರಣ ಪರಂಪರೆಯಲ್ಲಿ ಹರಿಹರ ಕವಿಯ 'ಬಸವರಾಜದೇವರ ರಗಳೆ' ಇದಕ್ಕೆ ಇನ್ನೊಂದು ನಿದರ್ಶನ. ಕೂಡಲಸಂಗಮದಲ್ಲಿದ್ದ ಬಸವಣ್ಣನಿಗೆ ಸಂಗಮನಾಥ ಕನಸಿನಲ್ಲಿ ಕಾಣಿಸಿಕೊಂಡು ಮಂಗಳವಾಡಕ್ಕೆ ಹೋಗುವಂತೆ ಹೇಳಿದನೆಂದು ಕವಿ ವರ್ಣಿಸುತ್ತಾನೆ. ಆ ಊರು ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆ.

1422ರಲ್ಲಿ ಕಲಬುರಗಿಯಲ್ಲಿ ದೇಹತ್ಯಾಗ ಮಾಡಿದ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಇಸ್ಲಾಮಿನ ಹದೀಸ್ ಪರಂಪರೆಯಲ್ಲಿ ಕನಸುಗಳು ಮೂರು ಬಗೆ. ದೇವರಿಂದ ಬರುವ ಶುಭವಾರ್ತೆ ಒಂದು, ಸೈತಾನನಿಂದ ಬರುವ ಭಯ ಇನ್ನೊಂದು, ಮನುಷ್ಯನ ಸ್ವಂತ ಮನಸ್ಸಿನ ಮಾತುಗಳು ಮೂರನೆಯದು. ಕೆಟ್ಟ ಕನಸು ಬಿದ್ದರೆ ದೇವರ ಆಶ್ರಯ ಬೇಡಿ, ಮಗ್ಗುಲು ಬದಲಿಸಿ ಮಲಗಬೇಕು, ಅದನ್ನು ಊರೆಲ್ಲ ಹೇಳಿಕೊಂಡು ತಿರುಗಬಾರದು ಎಂಬ ಸೂಚನೆ ಅಲ್ಲಿದೆ.

ಆಯುರ್ವೇದ, ಜೈನ, ಇಸ್ಲಾಂ ಪರಂಪರೆಗಳು ಫಲದ ವಿಷಯದಲ್ಲಿ ಬೇರೆಬೇರೆ ಮಾತಾಡಿದರೂ ಒಂದು ವಿಚಾರದಲ್ಲಿ ಒಮ್ಮತ ಹೊಂದಿವೆ. ಬಹುಪಾಲು ಕನಸುಗಳು ಕಂಡವನ ದೇಹ ಮತ್ತು ಮನಸ್ಸಿನಿಂದಲೇ ಹುಟ್ಟುತ್ತವೆ, ಆದ್ದರಿಂದ ಮೊದಲು ಅವುಗಳನ್ನು ಸೋಸಿ ನೋಡಬೇಕು.

ಆಧುನಿಕ ವಿವರಣೆಗಳು

ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1900ರ ಮುದ್ರಣವರ್ಷ ಹೊತ್ತ ತನ್ನ ಗ್ರಂಥದಲ್ಲಿ ಕನಸು ಅದುಮಿಟ್ಟ ಬಯಕೆಯ ಮರೆಮಾಚಿದ ರೂಪ ಎಂದು ವಾದಿಸಿದ. ಚರಕನ 'ಪ್ರಾರ್ಥಿತ' ಎಂಬ ಬಗೆಯನ್ನು ಇದು ನೆನಪಿಸುತ್ತದೆ. ಆದರೆ ಚರಕನಿಗೆ ಅದು ಏಳರಲ್ಲಿ ಒಂದು, ಫ್ರಾಯ್ಡ್‌ಗೆ ಬಹುಮಟ್ಟಿಗೆ ಅದೇ ಎಲ್ಲ. ಕಾರ್ಲ್ ಯೂಂಗ್ ಕನಸನ್ನು ಎಚ್ಚರದ ಬದುಕಿನಲ್ಲಿ ಕಡೆಗಣಿಸಿದ ಅಂಶಗಳನ್ನು ಸರಿದೂಗಿಸುವ ಪ್ರಯತ್ನವೆಂದು ಕಂಡ. ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲೆ 1977ರಲ್ಲಿ ಇದಕ್ಕೆ ವಿರುದ್ಧವಾದ ವಾದ ಮುಂದಿಟ್ಟರು. ನಿದ್ರೆಯಲ್ಲಿ ಮಿದುಳಕಾಂಡದಿಂದ ಹೊರಡುವ ಗೊತ್ತುಗುರಿಯಿಲ್ಲದ ಸಂಕೇತಗಳಿಗೆ ಮಿದುಳು ಕಥೆ ಕಟ್ಟುವುದೇ ಕನಸು ಎಂಬುದು ಅವರ ನಿಲುವು.

ಸಾವಿರಾರು ಕನಸುಗಳ ವರದಿಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದ ಕ್ಯಾಲ್ವಿನ್ ಹಾಲ್ ಮತ್ತು ನಂತರದ ಸಂಶೋಧಕರು ಮಧ್ಯಮ ಮಾರ್ಗವೊಂದನ್ನು ತೋರಿದ್ದಾರೆ. ಎಚ್ಚರದಲ್ಲಿ ಯಾವ ಜನ, ಯಾವ ಚಿಂತೆ, ಯಾವ ಕೆಲಸ ಮನಸ್ಸನ್ನು ಆವರಿಸಿರುತ್ತವೋ ಅವೇ ಕನಸಿನಲ್ಲಿಯೂ ಮುಂದುವರಿಯುತ್ತವೆ ಎಂಬುದು ಅದರ ಸಾರ. ಈ ದೃಷ್ಟಿಯಲ್ಲಿ ಹಾವಿಗಾಗಲಿ ನೀರಿಗಾಗಲಿ ಎಲ್ಲರಿಗೂ ಸಲ್ಲುವ ಒಂದೇ ಅರ್ಥವಿಲ್ಲ. ತೊಗರಿ ಹೊಲದಲ್ಲಿ ದಿನವೂ ಹಾವಿನ ಭಯದಲ್ಲಿ ದುಡಿಯುವವನ ಹಾವು ಬೇರೆ, ಹಾವನ್ನು ಚಿತ್ರದಲ್ಲಷ್ಟೇ ಕಂಡವನ ಹಾವು ಬೇರೆ. ಅರ್ಥವನ್ನು ಹುಡುಕಬೇಕಾದುದು ಪಟ್ಟಿಯಲ್ಲಲ್ಲ, ಕಂಡವರ ಬದುಕಿನಲ್ಲಿ.

ಕನಸಿನೊಳಗಿನ ಅರಿವು

ಕನಸು ಕಾಣುತ್ತಿರುವಾಗಲೇ 'ಇದು ಕನಸು' ಎಂಬ ತಿಳಿವಳಿಕೆ ಮೂಡುವುದನ್ನು 'ಲ್ಯೂಸಿಡ್ ಡ್ರೀಮ್' ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಅರಿವಿನ ಕನಸು ಎನ್ನಬಹುದು. ಡಚ್ ವೈದ್ಯ ಮತ್ತು ಲೇಖಕ ಫ್ರೆಡೆರಿಕ್ ವಾನ್ ಏಡೆನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಅನುಭವ ಮಾತ್ರ ಬಹಳ ಹಳೆಯದು. ನಿದ್ರಿಸುವವನೊಳಗೆ ಏನೋ ಒಂದು 'ನೀನು ಕಾಣುತ್ತಿರುವುದು ಕನಸು' ಎಂದು ಹೇಳುವುದುಂಟು ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬರೆದಿದ್ದಾನೆ.

ಭಾರತೀಯ ಚಿಂತನೆಯಲ್ಲಿ ಈ ವಿಚಾರಕ್ಕೆ ಕೇಂದ್ರಸ್ಥಾನವಿದೆ. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳನ್ನೂ ಅವುಗಳನ್ನು ಮೀರಿದ ತುರೀಯವನ್ನೂ ಹೇಳುತ್ತದೆ. ರಥವಿಲ್ಲದ ಕಡೆ ರಥವನ್ನೂ ದಾರಿಯಿಲ್ಲದ ಕಡೆ ದಾರಿಯನ್ನೂ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ ಎಂಬ ವಿವರಣೆ ಬೃಹದಾರಣ್ಯಕದಲ್ಲಿದೆ. ಸ್ವಪ್ನ ಮತ್ತು ನಿದ್ರೆಯ ಜ್ಞಾನವನ್ನು ಆಲಂಬನವಾಗಿಸಿಕೊಂಡೂ ಚಿತ್ತವನ್ನು ಸ್ಥಿರಗೊಳಿಸಬಹುದು ಎಂದು ಪತಂಜಲಿಯ ಯೋಗಸೂತ್ರ ಸೂಚಿಸುತ್ತದೆ. ಟಿಬೆಟಿನ ಬೌದ್ಧರಲ್ಲಿ ಇದು ಸ್ವಪ್ನಯೋಗ ಎಂಬ ಕ್ರಮಬದ್ಧ ಸಾಧನೆಯಾಗಿ ಬೆಳೆದಿದ್ದು, ನಾರೋಪನ ಹೆಸರಿನಲ್ಲಿರುವ ಆರು ಯೋಗಗಳಲ್ಲಿ ಒಂದಾಗಿದೆ. ಆ ಪರಂಪರೆಯ ದೊಡ್ಡ ವಿಹಾರಗಳು ಕರ್ನಾಟಕದ ಬೈಲಕುಪ್ಪೆ ಮತ್ತು ಮುಂಡಗೋಡಗಳಲ್ಲಿವೆ.

ವಿಜ್ಞಾನಿಗಳು ಇದನ್ನು ದೀರ್ಘಕಾಲ ನಂಬಿರಲಿಲ್ಲ. ನಿದ್ರೆಯಲ್ಲಿರುವವನು ತನಗೆ ಅರಿವಿದೆ ಎಂದು ಸಾಬೀತುಪಡಿಸುವುದು ಹೇಗೆ ಎಂಬುದೇ ತೊಡಕಾಗಿತ್ತು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ 1975ರ ಏಪ್ರಿಲ್‌ನಲ್ಲಿ ಇದಕ್ಕೆ ಉಪಾಯ ಕಂಡುಕೊಂಡರು. ರೆಮ್ ನಿದ್ರೆಯಲ್ಲಿ ಕೈಕಾಲುಗಳು ಕದಲದಿದ್ದರೂ ಕಣ್ಣು ಕದಲುತ್ತದೆ. ಕನಸೆಂದು ಅರಿವಾದ ಕೂಡಲೇ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಗೊತ್ತಾದ ಲೆಕ್ಕದಲ್ಲಿ ಹೊರಳಿಸುವಂತೆ ಅಲನ್ ವರ್ಸ್ಲಿ ಎಂಬವರಿಗೆ ಮೊದಲೇ ತಿಳಿಸಲಾಗಿತ್ತು. ಅವರು ನಿದ್ರೆಯಲ್ಲಿದ್ದಾಗಲೇ ಆ ಸಂಕೇತ ಯಂತ್ರದ ಕಾಗದದ ಮೇಲೆ ಮೂಡಿತು. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಪ್ರತ್ಯೇಕವಾಗಿ ಇದನ್ನೇ ಸಾಧಿಸಿ 1981ರಲ್ಲಿ ಪ್ರಕಟಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ಗಳ ನಾಲ್ಕು ಪ್ರಯೋಗಾಲಯಗಳು 36 ಮಂದಿಯ ಮೇಲೆ ನಡೆಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ನಿದ್ರೆಯಲ್ಲಿದ್ದವರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬಂಥ ಸುಲಭ ಪ್ರಶ್ನೆಗಳನ್ನು ಕೇಳಲಾಯಿತು. ಕೆಲವರು ಕನಸಿನೊಳಗಿನಿಂದಲೇ ಕಣ್ಣಿನ ಚಲನೆಯ ಮೂಲಕ ಸರಿಯಾದ ಉತ್ತರ ಕೊಟ್ಟರು. ಎಲ್ಲ ಪ್ರಯತ್ನಗಳಲ್ಲಿ ಸುಮಾರು ಶೇ 18ರಷ್ಟರಲ್ಲಿ ಮಾತ್ರ ಸರಿಯುತ್ತರ ದೊರೆಯಿತು ಎಂಬುದನ್ನೂ ಗಮನಿಸಬೇಕು.

ಇದು ಸಿದ್ಧಪುರುಷರಿಗಷ್ಟೇ ಮೀಸಲಾದ ಅನುಭವವಲ್ಲ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ 55 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ, ಶೇ 23ರಷ್ಟು ಮಂದಿಗೆ ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚಾಗಿ ಇಂಥ ಕನಸು ಬಿದ್ದಿರುತ್ತದೆ.

ಅಭ್ಯಾಸದ ಕ್ರಮ

ಅರಿವಿನ ಕನಸನ್ನು ಅಭ್ಯಾಸದಿಂದ ಹೆಚ್ಚಿಸಿಕೊಳ್ಳಬಹುದು ಎಂಬುದು ಸಂಶೋಧಕರ ಅಭಿಪ್ರಾಯ. ಅದರ ಮುಖ್ಯ ವಿಧಾನಗಳು ಹೀಗಿವೆ:

1. ಕನಸಿನ ದಿನಚರಿ: ಎಚ್ಚರವಾದ ಕೂಡಲೇ ಅಲುಗಾಡದೆ ಕನಸನ್ನು ನೆನಪಿಸಿಕೊಂಡು ಬರೆದಿಡುವುದು. ಕೆಲವು ವಾರಗಳಲ್ಲಿ ಪದೇ ಪದೇ ಬರುವ ಸ್ಥಳ, ವ್ಯಕ್ತಿ, ಘಟನೆಗಳು ಗುರುತಿಗೆ ಸಿಗುತ್ತವೆ.

2. ಹಗಲಿನ ಪರೀಕ್ಷೆ: ದಿನದಲ್ಲಿ ಹಲವು ಬಾರಿ 'ಇದು ಕನಸೋ ನಿಜವೋ' ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳುವುದು. ಬರೆದ ಸಾಲೊಂದನ್ನು ಓದಿ, ಕಣ್ಣು ತೆಗೆದು, ಮತ್ತೆ ಓದುವುದು ಒಂದು ಪರೀಕ್ಷೆ. ಕನಸಿನಲ್ಲಿ ಅಕ್ಷರಗಳು ಬಹುಮಟ್ಟಿಗೆ ಬದಲಾಗಿರುತ್ತವೆ. ಹಗಲಿನ ಈ ರೂಢಿ ರಾತ್ರಿಯ ಕನಸಿಗೂ ಇಳಿಯುತ್ತದೆ.

3. ಸಂಕಲ್ಪ: ಸುಮಾರು ಐದು ಗಂಟೆ ನಿದ್ರಿಸಿದ ನಂತರ ಎದ್ದು, ಆಗ ತಾನೆ ಕಂಡ ಕನಸನ್ನು ನೆನೆದು, 'ಮತ್ತೆ ಕನಸು ಬಿದ್ದಾಗ ಅದು ಕನಸೆಂದು ನೆನಪಾಗಲಿ' ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಮಲಗುವುದು. ಲಾಬರ್ಜ್ ರೂಪಿಸಿದ ಈ ವಿಧಾನವನ್ನು ಹಗಲಿನ ಪರೀಕ್ಷೆಯೊಂದಿಗೆ ಸೇರಿಸಿ ಆಸ್ಟ್ರೇಲಿಯದಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಯತ್ನಿಸಿದ ರಾತ್ರಿಗಳ ಪೈಕಿ ಸುಮಾರು ಶೇ 17ರಲ್ಲಿ ಯಶಸ್ಸು ದೊರೆತಿತ್ತು.

ಅರಿವು ಮೂಡಿದ ಕ್ಷಣದಲ್ಲಿ ಉದ್ವೇಗಕ್ಕೆ ಒಳಗಾದರೆ ಎಚ್ಚರವಾಗಿಬಿಡುತ್ತದೆ. ಕನಸಿನಲ್ಲಿಯೇ ಕೈಗಳನ್ನು ಉಜ್ಜಿಕೊಳ್ಳುವುದು, ಸುತ್ತಲಿನ ವಸ್ತುಗಳನ್ನು ಮುಟ್ಟಿ ನೋಡುವುದು ಅದನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳಲು ನೆರವಾಗುತ್ತದೆ.

ಇದಕ್ಕೆ ಮಿತಿಗಳೂ ಇವೆ. ರಾತ್ರಿ ಏಳುವ ಅಭ್ಯಾಸದಿಂದ ನಿದ್ರೆ ಕೆಡುತ್ತದೆ. ನಸುಕಿನಲ್ಲೇ ಹೊಲಕ್ಕೆ ಅಥವಾ ಪಾಳಿಯ ಕೆಲಸಕ್ಕೆ ಹೋಗುವವರು, ವಾಹನ ಚಾಲಕರು ಇದನ್ನು ನಿತ್ಯದ ರೂಢಿ ಮಾಡಿಕೊಳ್ಳುವುದು ಸರಿಯಲ್ಲ. ಇಲ್ಲದ್ದು ಕಾಣುವ, ಇಲ್ಲದ ಧ್ವನಿ ಕೇಳುವ ತೊಂದರೆ ಇರುವವರು ಇಂಥ ಅಭ್ಯಾಸಗಳಿಂದ ದೂರವಿರುವುದು ಒಳಿತು. ಕೆಲವರಿಗೆ ಎಚ್ಚರವಾದರೂ ಕೆಲಹೊತ್ತು ಮೈ ಅಲುಗದೆ, ಎದೆಯ ಮೇಲೆ ಯಾರೋ ಕುಳಿತಂತೆ ಭಾಸವಾಗುತ್ತದೆ. ಇದು ರೆಮ್ ನಿದ್ರೆಯ ಸ್ನಾಯುಗಳ ನಿಶ್ಚಲತೆ ಎಚ್ಚರದೊಳಗೂ ಉಳಿದುಕೊಂಡ ಸ್ಥಿತಿಯೇ ಹೊರತು ದೆವ್ವದ ಕಾಟವಲ್ಲ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ಸರಿಹೋಗುತ್ತದೆ.

ದುಃಸ್ವಪ್ನಕ್ಕೆ ಪರಿಹಾರ

ನೆರೆ, ಅಪಘಾತ, ಆಪ್ತರ ಸಾವು ಮುಂತಾದ ಆಘಾತಗಳ ನಂತರ ಅದೇ ಘಟನೆ ಕನಸಾಗಿ ಮರುಕಳಿಸುವುದು ಮನಸ್ಸಿನ ಸಹಜ ಪ್ರತಿಕ್ರಿಯೆ. ಬಹುಪಾಲು ಜನರಲ್ಲಿ ಕಾಲ ಕಳೆದಂತೆ ಅದು ಕಡಿಮೆಯಾಗುತ್ತದೆ. ಆದರೆ ತಿಂಗಳು ಕಳೆದರೂ ನಿಲ್ಲದಿದ್ದರೆ, ನಿದ್ರೆಗೇ ಹೆದರುವಂತಾದರೆ, ಹಗಲಿನಲ್ಲಿಯೂ ಆ ದೃಶ್ಯ ಕಣ್ಣಮುಂದೆ ಬಂದು ಬೆಚ್ಚಿಬೀಳುವಂತಾದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ.

ಇದಕ್ಕೆ ಔಷಧವಿಲ್ಲದ ಒಂದು ಪರಿಣಾಮಕಾರಿ ವಿಧಾನವಿದೆ. ಹಗಲಿನಲ್ಲಿ, ಎಚ್ಚರವಾಗಿದ್ದಾಗ, ಪದೇ ಪದೇ ಬೀಳುವ ಕೆಟ್ಟ ಕನಸನ್ನು ನೆನಪಿಸಿಕೊಂಡು ಅದರ ಮುಂದಿನ ಭಾಗವನ್ನು ತನಗೆ ಬೇಕಾದಂತೆ ಬದಲಿಸಬೇಕು. ಉಕ್ಕಿ ಬರುವ ನೀರು ಅಂಗಳದಲ್ಲೇ ನಿಂತು ಹಿಂದಕ್ಕೆ ಸರಿಯಿತು, ಇಲ್ಲವೇ ಎಲ್ಲರೂ ದಿಬ್ಬದ ಮೇಲಿನ ಗುಡಿಯನ್ನು ಸುರಕ್ಷಿತವಾಗಿ ಸೇರಿದರು ಎಂಬಂತೆ ಹೊಸ ಕಥೆ ಕಟ್ಟಿ, ದಿನವೂ ಹತ್ತಿಪ್ಪತ್ತು ನಿಮಿಷ ಅದನ್ನು ಮನಸ್ಸಿನಲ್ಲಿ ನಡೆಸಬೇಕು. ಅಮೆರಿಕದ ಬ್ಯಾರಿ ಕ್ರಾಕೊ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೌರ್ಜನ್ಯಕ್ಕೆ ಒಳಗಾಗಿದ್ದ ಮಹಿಳೆಯರಲ್ಲಿ ಈ ವಿಧಾನದಿಂದ ದುಃಸ್ವಪ್ನಗಳು ಗಣನೀಯವಾಗಿ ಇಳಿದಿದ್ದವು. ಕೆಟ್ಟ ಕನಸಿನ ಬೆನ್ನಿಗೇ ಶುಭವಾದುದನ್ನು ಕಂಡರೆ ಫಲವೂ ಶುಭವೇ ಎಂದು ಚರಕಸಂಹಿತೆ ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಅರಿವಿನ ಕನಸಿನ ಅಭ್ಯಾಸವೂ ಕೆಲವರಿಗೆ ನೆರವಾಗುತ್ತದೆ. ಬೆನ್ನಟ್ಟಿ ಬರುವುದು ಕನಸಿನ ನೀರು ಎಂದು ಅಲ್ಲೇ ತಿಳಿದರೆ ಅದರ ಭಯ ಅರ್ಧ ಇಳಿಯುತ್ತದೆ.

ನಿದ್ರೆಯಲ್ಲಿಯೇ ಕೂಗಾಡುವುದು, ಕನಸಿಗೆ ತಕ್ಕಂತೆ ಕೈಕಾಲು ಬಡಿಯುವುದು ವಯಸ್ಸಾದವರಲ್ಲಿ ಹೊಸದಾಗಿ ಕಾಣಿಸಿಕೊಂಡರೆ ನರರೋಗ ತಜ್ಞರಿಗೆ ತೋರಿಸಬೇಕು. ಪಾರ್ಕಿನ್ಸನ್ ಮುಂತಾದ ಕಾಯಿಲೆಗಳಿಗೆ ಎಷ್ಟೋ ವರ್ಷ ಮುಂಚೆಯೇ ಇದು ಕಾಣಿಸಿಕೊಳ್ಳುವುದುಂಟು. ಕನಸು ನಿಜವಾಗಿಯೂ ಮುನ್ಸೂಚನೆ ಕೊಡುವ ಅಪರೂಪದ ಸಂದರ್ಭವಿದು.

ಮಾನಸಿಕ ತೊಂದರೆಗಳಿಗೆ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416 ಅನ್ನು 2022ರ ಅಕ್ಟೋಬರ್‌ನಲ್ಲಿ ಆರಂಭಿಸಲಾಗಿದ್ದು, ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ಲಭ್ಯವಿದೆ.

ನಿಧಿಯ ಕನಸು

ಕನಸನ್ನು ಆದೇಶವೆಂದು ನಂಬಿ ನಡೆದಾಗ ಆಗುವ ಅನಾಹುತಗಳಲ್ಲಿ ನಿಧಿಶೋಧ ಮುಖ್ಯವಾದುದು. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ 1,000 ಟನ್ ಚಿನ್ನ ಹೂತಿರುವುದಾಗಿ ಸಾಧುವೊಬ್ಬರಿಗೆ ಕನಸು ಬಿತ್ತೆಂಬ ಸುದ್ದಿಯ ಬೆನ್ನಲ್ಲೇ 2013ರ ಅಕ್ಟೋಬರ್‌ನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಉತ್ಖನನ ನಡೆಸಿತು. ದೇಶದ ಗಮನ ಸೆಳೆದ ಆ ಅಗೆತದಲ್ಲಿ ಚಿನ್ನ ಸಿಗಲಿಲ್ಲ.

ಪಾಳು ಗುಡಿ, ಹಳೆಯ ಕೋಟೆಗಳು ಹೇರಳವಾಗಿರುವ ಕಲಬುರಗಿ ಸೀಮೆಯಲ್ಲಿ ಈ ವಿಚಾರದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಭೂಮಿಯಲ್ಲಿ ನಿಧಿ ಸಿಕ್ಕರೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸುವುದು 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಕಡ್ಡಾಯ. ನಿಧಿಯ ಹೆಸರಿನಲ್ಲಿ ಅಮಾನವೀಯ ಆಚರಣೆ, ವಾಮಾಚಾರ ನಡೆಸುವುದು 2017ರಲ್ಲಿ ಅಂಗೀಕಾರಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯಾಚರಣೆ ತಡೆ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಕನಸು ಬಿದ್ದಿತ್ತು ಎಂಬುದು ಅದಕ್ಕೆ ಸಮರ್ಥನೆಯಾಗದು.

ಕನಸು ಬಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಇತ್ತೀಚೆಗೆ ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಕನಸಿನಲ್ಲಿ ಇದೆಯೇ? ಇದ್ದರೆ ಅದು ನೆನಪು, ಅದಕ್ಕೆ ಫಲ ಹುಡುಕಬೇಕಿಲ್ಲ.

ಬಹಳ ದಿನಗಳಿಂದ ಬಯಸಿದ್ದು ಅಥವಾ ಹೆದರಿದ್ದು ಕಾಣಿಸಿತೇ? ಆ ಬಯಕೆಯ, ಭಯದ ಕುರಿತು ಮನೆಯವರೊಂದಿಗೆ ಮಾತನಾಡುವುದು ಫಲ ಕೇಳುವುದಕ್ಕಿಂತ ಪ್ರಯೋಜನಕಾರಿ.

ಜ್ವರ, ಅಜೀರ್ಣ, ಮದ್ಯ, ಹೊಸ ಔಷಧ ಅಥವಾ ನಿದ್ರೆಗೇಡು ಇತ್ತೇ? ಇದ್ದರೆ ಕಾರಣ ದೇಹದಲ್ಲಿದೆ.

ಒಂದೇ ಕೆಟ್ಟ ಕನಸು ವಾರಗಟ್ಟಲೆ ಮರುಕಳಿಸುತ್ತಿದೆಯೇ? ಹಾಗಿದ್ದರೆ ಹೋಗಬೇಕಾದುದು ವೈದ್ಯರ ಬಳಿಗೆ.

ಕನಸಿನ ಆಧಾರದ ಮೇಲೆ ಹಣ ಖರ್ಚು ಮಾಡಲು, ಯಾರನ್ನಾದರೂ ಶಂಕಿಸಲು, ನೆಲ ಅಗೆಯಲು ಯಾರಾದರೂ ಸಲಹೆ ನೀಡುತ್ತಿದ್ದಾರೆಯೇ? ಆ ಸಲಹೆಯಿಂದ ಲಾಭವಾಗುವುದು ಯಾರಿಗೆ ಎಂದು ಮೊದಲು ವಿಚಾರಿಸಬೇಕು.

ಭೀಮೆಯ ನೀರು ಏರುತ್ತಿರುವುದನ್ನು ತಿಳಿಯಲು ಕನಸಿನ ಅಗತ್ಯವಿಲ್ಲ. ಸೊನ್ನ ಬ್ಯಾರೇಜ್‌ಗೆ ಬರುತ್ತಿರುವ ಒಳಹರಿವು, ಅಲ್ಲಿಂದ ಬಿಡುತ್ತಿರುವ ನೀರಿನ ಪ್ರಮಾಣ ಹಾಗೂ ಜಿಲ್ಲಾಡಳಿತದ ಎಚ್ಚರಿಕೆಗಳೇ ಅದಕ್ಕೆ ಆಧಾರ. ನದಿ ಇಳಿದ ಮೇಲೂ ನಿದ್ರೆಯಲ್ಲಿ ಏರುವ ನೀರು ಮನಸ್ಸಿನದು. ಅದಕ್ಕೆ ಬೇಕಾದುದು ಶುಶ್ರೂಷೆ.